ಪಾನ್ಸನೆಲ್ಲಾ: ಹಳೇ ಬ್ರೆಡ್ಡು ನೆನೆಸಿ, ಹಿಂಡಿ, ಉದುರಿಸಿ ಮಾಡುವ ಟಸ್ಕನಿಯ ಬೇಸಿಗೆ ಊಟ

ಇಟಲಿಯ ಟಸ್ಕನಿ ಪ್ರಾಂತ್ಯದ ಫ್ಲಾರೆನ್ಸ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯ ಕೆಳಗಿನ ಮಹಡಿಯಲ್ಲಿ ವಯಸ್ಸಾದ ಹೆಂಗಸೊಬ್ಬರಿದ್ದರು. ಜುಲೈ ತಿಂಗಳ ಒಂದು ಮಧ್ಯಾಹ್ನ ಅವರ ಅಡುಗೆಮನೆಯ ಸಿಂಕಿನ ಪಕ್ಕ ನಿಂತು ಪಾನ್ಸನೆಲ್ಲಾ ಮಾಡುವುದನ್ನು ಮೊದಲ ಸಲ ನೋಡಿದೆ. ಮೂರು ದಿನದ ಹಿಂದಿನ ಬ್ರೆಡ್ಡು. ಮೇಜಿಗೆ ತಟ್ಟಿದರೆ ಮರದ ತುಂಡಿನ ಸದ್ದು ಬರುತ್ತಿತ್ತು. ಅದನ್ನು ದಪ್ಪದಪ್ಪ ಹೋಳು ಮಾಡಿ ತಣ್ಣೀರಲ್ಲಿ ಮುಳುಗಿಸಿದರು. ಸ್ವಲ್ಪ ಹೊತ್ತಾದ ಮೇಲೆ ಒಂದೊಂದೇ ಹೋಳು ಎತ್ತಿ, ಎರಡು ಅಂಗೈಗಳ ನಡುವೆ ಇಟ್ಟು ಹಿಂಡಿದರು. ನೀರು ಮೊದಲು ಧಾರೆಯಾಗಿ ಇಳಿಯಿತು, ಆಮೇಲೆ ಹನಿಹನಿಯಾಗಿ. ಹನಿ ನಿಂತ ಮೇಲೂ ಇನ್ನೊಂದು ಸಲ ಹಿಂಡಿದರು. ಕೊನೆಗೆ ಬೆರಳ ತುದಿಯಲ್ಲಿ ಮೆಲ್ಲಗೆ ತಿಕ್ಕಿದಾಗ ಆ ಹೋಳು ಮುದ್ದೆಯಾಗಲಿಲ್ಲ, ಅಂಟಲಿಲ್ಲ. ತೆಂಗಿನ ತುರಿಯ ಹಾಗೆ ಉದುರಿ ಬೋಗುಣಿಗೆ ಬಿತ್ತು.

ಈ ಅಡುಗೆಯಲ್ಲಿ ಕಲಿಯಬೇಕಾದ ಕೈಚಳಕ ಇದೊಂದೇ. ಒಲೆ ಹಚ್ಚುವ ಹಾಗಿಲ್ಲ, ಒಗ್ಗರಣೆ ಇಲ್ಲ, ಮಸಾಲೆ ಇಲ್ಲ. ಟೊಮೆಟೊ, ಈರುಳ್ಳಿ, ಸೌತೆಕಾಯಿ ಹೆಚ್ಚಲು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬ್ರೆಡ್ಡನ್ನು ಸರಿಯಾಗಿ ನೆನೆಸಿ, ಸರಿಯಾಗಿ ಹಿಂಡಿದರೆ ಪಾನ್ಸನೆಲ್ಲಾ ಆಗುತ್ತದೆ, ಇಲ್ಲದಿದ್ದರೆ ಆಗುವುದಿಲ್ಲ. ಬ್ರೆಡ್ಡಿನ ಚೌಕಗಳನ್ನು ಕರುಂಕುರುಂ ಎನ್ನುವ ಹಾಗೆ ಹುರಿದು ಟೊಮೆಟೊ ಜೊತೆ ಬೆರೆಸಿ ಇದೇ ಹೆಸರಲ್ಲಿ ಬಡಿಸುವ ಹೋಟೆಲುಗಳು ಬೇಕಾದಷ್ಟಿವೆ. ಅದೂ ತಿನ್ನಲು ಚೆನ್ನಾಗಿಯೇ ಇರುತ್ತದೆ. ಆದರೆ ಟಸ್ಕನಿಯ ಹಳ್ಳಿಮನೆಗಳಲ್ಲಿ ಮಾಡುವ ಪಾನ್ಸನೆಲ್ಲಾ ಮೆತ್ತಗಿರುತ್ತದೆ, ತಣ್ಣಗಿರುತ್ತದೆ, ಉದುರುದುರಾಗಿರುತ್ತದೆ. ಅಲ್ಲಿ ಬ್ರೆಡ್ಡೇ ಊಟ, ತರಕಾರಿ ಅದಕ್ಕೆ ನಂಜಿಕೊಳ್ಳಲು ಬಂದದ್ದು. ನಾನಿಲ್ಲಿ ಬರೆಯುತ್ತಿರುವುದು ಅದರ ಬಗ್ಗೆ.

ಸಪ್ಪೆ ಬ್ರೆಡ್ಡಿನ ಊರು

ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಗೋಧಿ ಹಿಟ್ಟು, ನೀರು, ಮನೆಯಲ್ಲೇ ಉಳಿಸಿಕೊಂಡು ಬಂದ ಹುಳಿಹಿಟ್ಟು, ಅಷ್ಟೇ. ಅದನ್ನು ಅಲ್ಲಿನವರು ‘ಪಾನೆ ಶೊಕ್ಕೊ’ ಅನ್ನುತ್ತಾರೆ. ಇಟಲಿಯ ಬೇರೆ ಕಡೆ ‘ಶೊಕ್ಕೊ’ ಅಂದರೆ ಪೆದ್ದ ಎಂದರ್ಥ, ಟಸ್ಕನಿಯಲ್ಲಿ ಉಪ್ಪಿಲ್ಲದ್ದು ಎಂದೂ ಅರ್ಥ. ನಾವು ಸಾರಿಗೂ ಸಪ್ಪೆ, ಮನುಷ್ಯನ ಮುಖಕ್ಕೂ ಸಪ್ಪೆ ಅನ್ನುವುದಿಲ್ಲವೇ, ಹಾಗೆ. 2016ರಲ್ಲಿ ಈ ಬ್ರೆಡ್ಡಿಗೆ ಐರೋಪ್ಯ ಒಕ್ಕೂಟದ ಮೂಲಸ್ಥಾನ ಮನ್ನಣೆ ಸಿಕ್ಕಿತು.

ಉಪ್ಪು ಯಾಕಿಲ್ಲ ಎಂದು ಫ್ಲಾರೆನ್ಸ್‌ನಲ್ಲಿ ಯಾರನ್ನು ಕೇಳಿದರೂ ಒಂದು ಕಥೆ ಬರುತ್ತದೆ. ಪೀಸಾದವರು ಸಮುದ್ರದ ಕಡೆಯಿಂದ ಬರುವ ಉಪ್ಪನ್ನು ತಡೆದರಂತೆ, ಫ್ಲಾರೆನ್ಸಿನವರು ಹಟಕ್ಕೆ ಬಿದ್ದು ಉಪ್ಪಿಲ್ಲದೆಯೇ ಬ್ರೆಡ್ಡು ಸುಟ್ಟರಂತೆ. ಉಪ್ಪಿನ ಸುಂಕ ಜಾಸ್ತಿಯಾಗಿದ್ದರಿಂದ ಹೀಗಾಯಿತು ಅನ್ನುವವರೂ ಇದ್ದಾರೆ. ಈ ಸಪ್ಪೆ ಬ್ರೆಡ್ಡು ಆ ಊರಿನವರ ನಾಲಿಗೆಗೆ ಎಷ್ಟು ಅಂಟಿಕೊಂಡಿತ್ತು ಅನ್ನುವುದಕ್ಕೆ ಮಹಾಕವಿ ದಾಂತೆಯೇ ಸಾಕ್ಷಿ. 1302ರಲ್ಲಿ ಫ್ಲಾರೆನ್ಸಿನಿಂದ ಗಡೀಪಾರಾದವನು ಮತ್ತೆ ಊರಿಗೆ ಮರಳಲಿಲ್ಲ. ಅವನ ‘ಪಾರಾದೀಸೊ’ದ ಹದಿನೇಳನೇ ಸರ್ಗದಲ್ಲಿ, ಪರರ ಮನೆಯ ಬ್ರೆಡ್ಡು ಎಷ್ಟು ಉಪ್ಪೆಂಬುದು ನಿನಗೇ ಗೊತ್ತಾಗುತ್ತದೆ ಎಂದು ಅವನ ಪೂರ್ವಜನೊಬ್ಬ ಮುಂದಾಗುವುದನ್ನು ಹೇಳುತ್ತಾನೆ. ಪರದೇಶದಲ್ಲಿ ಕೂತು ಮನೆಯ ಅನ್ನಕ್ಕೆ ಹಂಬಲಿಸಿದವರಿಗೆ ಆ ಸಾಲು ಬಿಡಿಸಿ ಹೇಳಬೇಕಾಗಿಲ್ಲ.

ಅಡುಗೆಯ ಲೆಕ್ಕದಲ್ಲೂ ಈ ಸಪ್ಪೆಗೆ ಬೆಲೆಯಿದೆ. ಬ್ರೆಡ್ಡಿಗೆ ತನ್ನದೇ ಜೋರು ರುಚಿ ಇಲ್ಲದ್ದರಿಂದ ಟೊಮೆಟೊ ರಸ, ಎಣ್ಣೆ, ಹುಳಿ ಯಾವುದು ಬಂದರೂ ಅದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿಯೇ ಹಳೇ ಬ್ರೆಡ್ಡಿನ ಅಡುಗೆ ಅಂದರೆ ಟಸ್ಕನಿ. ಚಳಿಗಾಲಕ್ಕೆ ಹುರುಳಿಕಾಯಿಯ ಬಿಳೀ ಬೀಜ, ಕಪ್ಪು ಕೋಸು ಹಾಕಿ ಕುದಿಸುವ ‘ರಿಬೊಲ್ಲೀತ’, ಟೊಮೆಟೊ ಜೊತೆ ಗಂಜಿಯ ಹಾಗೆ ಬೇಯಿಸುವ ‘ಪಾಪ್ಪ ಅಲ್ ಪೊಮೊದೋರೊ’, ಬೇಸಿಗೆಗೆ ಪಾನ್ಸನೆಲ್ಲಾ.

ಟೊಮೆಟೊಗಿಂತ ಮೊದಲು ಈರುಳ್ಳಿ

ಈಗಿನ ಪಾನ್ಸನೆಲ್ಲಾ ನೋಡಿದರೆ ಕಣ್ಣಿಗೆ ಮೊದಲು ಬೀಳುವುದು ಕೆಂಪು ಟೊಮೆಟೊ. ಆದರೆ ಟೊಮೆಟೊ ಅಮೆರಿಕ ಖಂಡದಿಂದ ಬಂದದ್ದು. ಯೂರೋಪಿನ ಬಡವರ ತಟ್ಟೆಗೆ ಅದು ಇಳಿಯಲು ಬಹಳ ಕಾಲ ಹಿಡಿಯಿತು. ಅದಕ್ಕೂ ಮುಂಚೆ ಇದು ಈರುಳ್ಳಿಯ ಊಟ. ಫ್ಲಾರೆನ್ಸನ್ನು ಆಳಿದ ಮೆದಿಚಿ ಮನೆತನದ ಆಸ್ಥಾನದ ಚಿತ್ರಕಾರ ಬ್ರೊಂಜೀನೊ (1503–1572) ಈರುಳ್ಳಿಯನ್ನು ಹೊಗಳಿ ಪದ್ಯ ಬರೆದಿದ್ದಾನೆ. ಅದರಲ್ಲಿ ಹೆಚ್ಚಿದ ಈರುಳ್ಳಿ, ಸೌತೆಕಾಯಿ, ಗೋಣಿ ಸೊಪ್ಪು, ಎಣ್ಣೆ, ವಿನೆಗರ್ ಜೊತೆ ಬ್ರೆಡ್ಡು ತಿನ್ನುವ ಸುಖದ ಮಾತಿದೆ. ಪಾನ್ಸನೆಲ್ಲಾದ ಹಳೆಯ ರೂಪ ಅಂತ ಇದನ್ನೇ ತೋರಿಸುತ್ತಾರೆ.

ಆ ಗೋಣಿ ಸೊಪ್ಪು ನಮ್ಮದೇ. ಹೊಲದ ಬದುವಿನಲ್ಲಿ, ರಾಗಿ ತೆನೆಯ ಬುಡದಲ್ಲಿ ತಾನಾಗಿ ಹಬ್ಬುವ, ಮಸ್ಸೊಪ್ಪಿಗೆ ಬೀಳುವ ಆ ದಪ್ಪ ಎಲೆಯ ಸೊಪ್ಪನ್ನು ಇಟಲಿಯಲ್ಲಿ ಹಸಿಯಾಗಿ ತಿನ್ನುತ್ತಾರೆ. ಎಳೆಯ ತುದಿ ಸಿಕ್ಕರೆ ಚೆನ್ನಾಗಿ ತೊಳೆದು ಒಂದು ಹಿಡಿ ಹಾಕಿ. ಅದರ ನಸುಹುಳಿ ಈ ಅಡುಗೆಗೆ ಬಹಳ ಒಪ್ಪುತ್ತದೆ.

ಬ್ರೆಡ್ಡು ಯಾವುದು, ಎಷ್ಟು ಹಳೆಯದು

ಬ್ರೆಡ್ಡು ಗಟ್ಟಿಯಾಗುವುದು ಬರೀ ನೀರು ಆರಿ ಅಲ್ಲ. ಬೇಯುವಾಗ ನೀರು ಹೀರಿ ಊದಿಕೊಂಡ ಪಿಷ್ಟ ಆರುತ್ತಾ ಆರುತ್ತಾ ಮತ್ತೆ ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತದೆ. ಹಿಂದಿನ ದಿನದ ಅನ್ನದಲ್ಲಿ ಚಿತ್ರಾನ್ನ ಉದುರುದುರಾಗಿ ಬರುವುದೂ, ಬಿಸಿ ಅನ್ನದಲ್ಲಿ ಕಲಸಿದರೆ ಮುದ್ದೆಯಾಗುವುದೂ ಇದೇ ಕಾರಣಕ್ಕೆ. ಹೊಸ ಬ್ರೆಡ್ಡನ್ನು ನೀರಿಗೆ ಹಾಕಿದರೆ ಗೋಂದಾಗುತ್ತದೆ, ಮೂರು ದಿನದ್ದು ನೀರು ಕುಡಿದರೂ ತನ್ನ ಆಕಾರ ಬಿಡುವುದಿಲ್ಲ.

ಎರಡರಿಂದ ನಾಲ್ಕು ದಿನ ಹಳೆಯದಾದರೆ ಸರಿ. ಬಟ್ಟೆಯಲ್ಲಿ ಸುತ್ತಿ ಹೊರಗಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಪಸೆ ಒಳಗೇ ನಿಂತು ಬೂಸ್ಟು ಹಿಡಿಯುತ್ತದೆ. ಬೂಸ್ಟು ಒಂದು ಚುಕ್ಕೆ ಕಂಡರೂ ಆ ಭಾಗ ಮಾತ್ರ ಕತ್ತರಿಸಿ ಉಳಿದದ್ದನ್ನು ಬಳಸಬೇಡಿ, ಪೂರ್ತಿ ಎಸೆಯಿರಿ. ಬ್ರೆಡ್ಡು ತೂತುತೂತಾದ ಪದಾರ್ಥ, ಕಣ್ಣಿಗೆ ಕಾಣದ ಎಳೆಗಳು ಒಳಗೆ ದೂರದವರೆಗೆ ಹೋಗಿರುತ್ತವೆ. ಮಳೆಗಾಲದ ಮಂಗಳೂರಿನಲ್ಲೋ ಮಡಿಕೇರಿಯಲ್ಲೋ ಇದ್ದರೆ ಹೊರಗಿಡುವ ಮಾತೇ ಬೇಡ. ಎರಡು ಬೆರಳು ದಪ್ಪ ಹೋಳು ಮಾಡಿ, ಓವನ್ನನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಒಣಗಿಸಿ. ಬಣ್ಣ ತಿರುಗಬಾರದು, ಒಣಗಬೇಕು ಅಷ್ಟೇ. ಎರಡು ದಿನ ಕಾಯಲಾಗದಿದ್ದರೆ ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟರೂ ಆದೀತು. ಪಿಷ್ಟ ಬೇಗ ಬಿಗಿಯುವುದು ಆ ತಂಪಿನಲ್ಲೇ. ಬೇರೆ ದಿನ ಬ್ರೆಡ್ಡನ್ನು ಫ್ರಿಜ್ಜಿನಲ್ಲಿಡಬಾರದು ಅನ್ನುವುದಕ್ಕೆ ಇರುವ ಕಾರಣವೇ ಇಲ್ಲಿ ನಮಗೆ ಅನುಕೂಲ.

ಈಗ ಕಷ್ಟದ ಪ್ರಶ್ನೆ. ನಮ್ಮ ಅಯ್ಯಂಗಾರ್ ಬೇಕರಿಗಳ ಬ್ರೆಡ್ಡು ಮೆತ್ತಗೆ, ಸ್ವಲ್ಪ ಸಿಹಿ. ಚಹಾಕ್ಕೆ, ಬ್ರೆಡ್ ಟೋಸ್ಟಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಪಾನ್ಸನೆಲ್ಲಾಕ್ಕೆ ಅದು ಆಗುವುದಿಲ್ಲ. ಊರಿಗೆ ಬಂದ ಹೊಸದರಲ್ಲಿ ಅದರಲ್ಲೇ ಮಾಡಲು ಹೋಗಿ, ನೀರಿನಿಂದ ಎತ್ತುವಷ್ಟರಲ್ಲಿ ಕೈತುಂಬ ಸಿಹಿ ಅಂಟು ಬಂದು, ಇಡೀ ಬೋಗುಣಿ ಚೆಲ್ಲಿದೆ. ಸಕ್ಕರೆ, ಕೊಬ್ಬು ಇಲ್ಲದ, ಹೊರಗಿನ ಸಿಪ್ಪೆ ಗಟ್ಟಿಯಾಗಿರುವ, ಒಳಗೆ ತೂತುಗಳಿರುವ ಬ್ರೆಡ್ಡು ಬೇಕು. ಈಗ ದೊಡ್ಡ ಊರುಗಳಲ್ಲಿ ಹುಳಿಹಿಟ್ಟಿನ ಬ್ರೆಡ್ಡು ‘ಸಾರ್‌ಡೋ’ ಅಂತ ಸಿಗುತ್ತದೆ, ಅದು ಸರಿಹೋಗುತ್ತದೆ. ಮೈದಾ ಜೊತೆ ಸ್ವಲ್ಪ ಗೋಧಿ ಬೆರೆತದ್ದಾದರೆ ಇನ್ನೂ ರುಚಿ. ಕಾಳು, ಬೀಜ, ಒಣದ್ರಾಕ್ಷಿ ಸೇರಿಸಿದ್ದು ಬೇಡ.

ಬೇಕಾಗುವುದು (ನಾಲ್ಕು ಜನಕ್ಕೆ)

- ಹಳೇ ಬ್ರೆಡ್ಡು: 400 ಗ್ರಾಂ
- ಚೆನ್ನಾಗಿ ಹಣ್ಣಾದ ಟೊಮೆಟೊ: 500 ಗ್ರಾಂ
- ಕೆಂಪು ಈರುಳ್ಳಿ: ದೊಡ್ಡದು 1
- ಎಳೆ ಸೌತೆಕಾಯಿ: 1 (ಸುಮಾರು 200 ಗ್ರಾಂ)
- ತಾಜಾ ಬೇಸಿಲ್: 20 ಎಲೆ
- ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ: 5ರಿಂದ 6 ದೊಡ್ಡ ಚಮಚ
- ಕೆಂಪು ವೈನ್ ವಿನೆಗರ್: ಕಲಸಲು 2ರಿಂದ 3 ದೊಡ್ಡ ಚಮಚ, ನೆನೆಸುವ ನೀರಿಗೆ ಮತ್ತು ಈರುಳ್ಳಿಗೆ ಬೇರೆಯಾಗಿ 3 ದೊಡ್ಡ ಚಮಚ
- ಉಪ್ಪು, ಆಗಷ್ಟೇ ಕುಟ್ಟಿದ ಕಾಳುಮೆಣಸು

ಟೊಮೆಟೊ ವಿಷಯದಲ್ಲಿ ನಾಟಿ ಸಿಕ್ಕರೆ ಬೇರೆಯದನ್ನು ಮುಟ್ಟಬೇಡಿ. ಟಸ್ಕನಿಯಲ್ಲಿ ಇದಕ್ಕೆ ಬಳಸುವ ಏಣುಏಣಾದ ಟೊಮೆಟೊ ನಮ್ಮ ನಾಟಿಯ ಹಾಗೇ ರಸಭರಿತ. ದೂರದ ಲಾರಿ ಪ್ರಯಾಣಕ್ಕೆಂದೇ ಬೆಳೆಸಿದ ಗಟ್ಟಿ ಸಿಪ್ಪೆಯ ಹೈಬ್ರಿಡ್ ಆದರೆ ಎರಡು ದಿನ ಹೊರಗಿಟ್ಟು ಪೂರ್ತಿ ಹಣ್ಣಾಗಿಸಿ ಬಳಸಿ.

ಬೇಸಿಲ್ ಬದಲು ತುಳಸಿ ಹಾಕಬಹುದಾ ಎಂದು ಬಹಳ ಜನ ಕೇಳುತ್ತಾರೆ. ತುಳಸಿಯ ಘಾಟು ಇಲ್ಲಿ ಹೊಂದುವುದಿಲ್ಲ. ಆದರೆ ಕಾಮಕಸ್ತೂರಿ ಹಾಕಬಹುದು. ಇಟಲಿಯ ಬೇಸಿಲ್ಲೂ ನಮ್ಮ ಕಾಮಕಸ್ತೂರಿಯೂ ಒಂದೇ ಜಾತಿಯ ಗಿಡ, ತಳಿ ಬೇರೆ. ಪರಿಮಳ ಸ್ವಲ್ಪ ಸೋಂಪಿನ ಕಡೆ ವಾಲುತ್ತದೆ, ಆದ್ದರಿಂದ ಅರ್ಧದಷ್ಟು ಹಾಕಿ.

ಬಿಳೀ ಸಿಂಥೆಟಿಕ್ ವಿನೆಗರ್ ಬೇಡ, ಬರೀ ಚುರುಕು, ಹಿಂದೆ ರುಚಿಯಿಲ್ಲ. ಕೆಂಪು ವೈನ್ ವಿನೆಗರ್ ಸಿಗದಿದ್ದರೆ ಸೇಬಿನ ವಿನೆಗರ್ ಆದೀತು. ನಿಂಬೆಹಣ್ಣು ಹಿಂಡಿದರೆ ಅದು ಒಳ್ಳೆಯ ಕೋಸಂಬರಿಯಾಗುತ್ತದೆ, ಪಾನ್ಸನೆಲ್ಲಾ ಆಗುವುದಿಲ್ಲ.

ಮಾಡುವ ಕ್ರಮ

*ಒಂದು: ಈರುಳ್ಳಿಯ ಘಾಟು ಇಳಿಸುವುದು.* ಎಲ್ಲಕ್ಕಿಂತ ಮೊದಲು ಇದು. ಫ್ಲಾರೆನ್ಸಿಗೂ ಸಿಯೆನಾಕ್ಕೂ ನಡುವಿನ ಚೆರ್ತಾಲ್ದೊ ಊರಿನ ಲಾಂಛನದಲ್ಲೇ ಈರುಳ್ಳಿಯಿದೆ. ಅಲ್ಲಿಯ ಕೆಂಪು ಈರುಳ್ಳಿ ಸಿಹಿ. ನಮ್ಮದು ಕಣ್ಣಲ್ಲಿ ನೀರು ತರಿಸುವಂಥದ್ದು. ಈರುಳ್ಳಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ, ಬಟ್ಟಲು ತಣ್ಣೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಹಾಕಿ ಅದರಲ್ಲಿ ಮುಳುಗಿಸಿ. ಅರ್ಧ ಗಂಟೆ ಇರಲಿ. ನಡುವೆ ಒಮ್ಮೆ ನೀರು ಬದಲಿಸಿದರೆ ಗಂಧಕದ ಘಾಟು ಇನ್ನಷ್ಟು ಹೋಗುತ್ತದೆ. ಎಸಳು ಬಿಡಿಬಿಡಿಯಾಗಿ, ಗುಲಾಬಿ ಬಣ್ಣಕ್ಕೆ ತಿರುಗಿ, ಕಡಿದರೆ ಗರಿಗರಿ ಇದ್ದೂ ನಾಲಿಗೆ ಸುಡುವುದಿಲ್ಲ.

*ಎರಡು: ಟೊಮೆಟೊಗೆ ಉಪ್ಪು.* ಟೊಮೆಟೊವನ್ನು ದೊಡ್ಡದಾಗಿ ಹೆಚ್ಚಿ, ಅರ್ಧ ಚಿಕ್ಕ ಚಮಚ ಉಪ್ಪು ಬೆರೆಸಿ, ಜರಡಿಯಲ್ಲಿ ಹಾಕಿ ಕೆಳಗೊಂದು ಬಟ್ಟಲಿಡಿ. ಕಾಲು ಗಂಟೆಯಲ್ಲಿ ಕೆಂಪು ರಸ ತೊಟ್ಟಿಕ್ಕಿ ತುಂಬಿಕೊಂಡಿರುತ್ತದೆ. ಒಂದು ಹನಿಯೂ ಚೆಲ್ಲಬೇಡಿ, ಬ್ರೆಡ್ಡು ಕುಡಿಯಬೇಕಾದದ್ದು ಇದನ್ನೇ. ಕೆಳಮನೆಯ ಆ ಹೆಂಗಸು ಹೀಗೆ ಮಾಡುತ್ತಿರಲಿಲ್ಲ, ಅವರ ಟೊಮೆಟೊ ಹೆಚ್ಚುವಾಗಲೇ ಮಣೆ ತುಂಬ ರಸ ಹರಿಯುತ್ತಿತ್ತು. ನಾನು ಮಾಡುತ್ತೇನೆ, ನಮ್ಮ ಪೇಟೆಯ ಟೊಮೆಟೊಗೆ ಇದು ಬೇಕು.

*ಮೂರು: ಬ್ರೆಡ್ಡು ನೆನೆಸುವುದು.* ಅಗಲವಾದ ಪಾತ್ರೆಯಲ್ಲಿ ಒಂದು ಲೀಟರ್ ತಣ್ಣೀರು, ಎರಡು ದೊಡ್ಡ ಚಮಚ ವಿನೆಗರ್. ಬಿಸಿ ನೀರು ಬೇಡವೇ ಬೇಡ, ಪಿಷ್ಟ ಸಡಿಲವಾಗಿ ಅಂಟಾಗುತ್ತದೆ. ಎರಡು ಬೆರಳು ದಪ್ಪದ ಹೋಳುಗಳನ್ನು ಒಂದರ ಮೇಲೊಂದು ಬೀಳದ ಹಾಗೆ ಇಳಿಸಿ, ಐದು ನಿಮಿಷಕ್ಕೆ ಮಗುಚಿ. ಎರಡು ದಿನದ ಬ್ರೆಡ್ಡಿಗೆ ಐದರಿಂದ ಎಂಟು ನಿಮಿಷ ಸಾಕು. ಕಲ್ಲಾಗಿರುವುದಕ್ಕೆ ಹದಿನೈದು, ಇಪ್ಪತ್ತು ನಿಮಿಷವೂ ಹಿಡಿದೀತು. ಗಡಿಯಾರಕ್ಕಿಂತ ಬೆರಳನ್ನು ನಂಬಿ. ಹೋಳಿನ ನಡುವೆ ಒತ್ತಿದರೆ ಗಟ್ಟಿ ಗಂಟು ಸಿಗಬಾರದು, ಸಿಪ್ಪೆ ಬಾಗಬೇಕು, ಆದರೆ ಎತ್ತಿದರೆ ಹರಿದು ಬೀಳಬಾರದು. ದಪ್ಪ ಅವಲಕ್ಕಿ ನೆನೆಸಿ ಹದ ನೋಡುವ ಕೈಗೆ ಇದು ಹೊಸದಲ್ಲ. ಸಿಪ್ಪೆ ಬಹಳ ದಪ್ಪ, ಸುಟ್ಟ ಹಾಗಿದ್ದರೆ ಮಾತ್ರ ಕತ್ತರಿಸಿ ತೆಗೆಯಿರಿ.

ಮೆತ್ತನೆ ಬ್ರೆಡ್ಡಷ್ಟೇ ಇದೆ, ಬೇರೆ ದಾರಿಯಿಲ್ಲ ಅನ್ನುವವರು ಅದನ್ನು ಓವನ್ನಿನಲ್ಲಿ ರಸ್ಕಿನ ಹಾಗೆ ಪೂರ್ತಿ ಒಣಗಿಸಿ. ಆಮೇಲೆ ನೀರಲ್ಲಿ ಮುಳುಗಿಸದೆ, ಕೈಯಿಂದ ನೀರು ಚಿಮುಕಿಸಿ ಹತ್ತು ನಿಮಿಷ ಬಿಡಿ. ಹಿಂಡುವ ಅಗತ್ಯ ಬೀಳದಷ್ಟೇ ನೀರು ಚಿಮುಕಿಸುವುದು ಉಪಾಯ.

*ನಾಲ್ಕು: ಹಿಂಡುವುದು.* ಒಂದು ಸಲಕ್ಕೆ ಒಂದೇ ಹೋಳು. ಅಂಗೈಗಳ ನಡುವೆ ಚಪ್ಪಟೆಯಾಗಿ ಇಟ್ಟು ಒತ್ತಿ. ಬಟ್ಟೆ ಹಿಂಡುವ ಹಾಗೆ ತಿರುಚಬೇಡಿ, ತಿರುಚಿದರೆ ಒಳಗಿನ ಜಾಲ ಹರಿದು ಮುದ್ದೆಯಾಗುತ್ತದೆ. ಧಾರೆ ನಿಲ್ಲಬೇಕು, ಹನಿ ನಿಲ್ಲಬೇಕು, ಆಮೇಲೂ ಒಮ್ಮೆ ಒತ್ತಬೇಕು. ಹೊಸಬರು ಸೋಲುವುದು ಇಲ್ಲೇ, ಸಾಕು ಅಂದುಕೊಂಡಾಗ ಇನ್ನೂ ಕಾಲು ಬಟ್ಟಲು ನೀರು ಒಳಗಿರುತ್ತದೆ. ಹಿಂಡಿ ಖಾಲಿಯಾದ ಬ್ರೆಡ್ಡು ಮುಂದೆ ಟೊಮೆಟೊ ರಸವನ್ನೂ ಎಣ್ಣೆಯನ್ನೂ ಎಳೆದುಕೊಳ್ಳುತ್ತದೆ. ನೀರು ಉಳಿದರೆ ಅವಕ್ಕೆ ಜಾಗವಿಲ್ಲ, ಎಷ್ಟು ಎಣ್ಣೆ ಸುರಿದರೂ ತಳದಲ್ಲೇ ನಿಲ್ಲುತ್ತದೆ.

ಹಿಂಡಿದ್ದನ್ನು ಅಗಲ ಬೋಗುಣಿಯ ಮೇಲೆ ಹಿಡಿದು ಬೆರಳ ತುದಿಯಲ್ಲಿ ಉದುರಿಸಿ. ಕಡಲೆಕಾಳಿನಷ್ಟು, ನೆಲ್ಲಿಕಾಯಿಯಷ್ಟು, ಹೀಗೆ ಚಿಕ್ಕದು ದೊಡ್ಡದು ಬೆರೆತಿರಲಿ. ಒಂದೇ ಅಳತೆ ಬೇಕಿಲ್ಲ. ಕೊನೆಗೆ ನಿಮ್ಮ ಕೈ ಒಮ್ಮೆ ನೋಡಿಕೊಳ್ಳಿ. ಅಂಟು ಮೆತ್ತಿಕೊಂಡಿದ್ದರೆ ಬ್ರೆಡ್ಡು ಹೊಸದಿತ್ತು ಅಥವಾ ಹೆಚ್ಚು ನೆನೆಯಿತು. ಹಾಗಾದಾಗ ಉದುರಿಸಿದ್ದನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ಯಾನಿನ ಕೆಳಗೆ ಅರ್ಧ ಗಂಟೆ ಬಿಟ್ಟರೆ ಬಹುಪಾಲು ಸರಿಹೋಗುತ್ತದೆ.

*ಐದು: ಎಣ್ಣೆ ಮೊದಲು, ಹುಳಿ ಆಮೇಲೆ.* ಬ್ರೆಡ್ಡಿನ ಮೇಲೆ ಟೊಮೆಟೊ ರಸ ಪೂರ್ತಿ ಸುರಿಯಿರಿ. ಅರ್ಧ ಎಣ್ಣೆ ಹಾಕಿ ಕೈಯಿಂದ ಮೇಲೆ ಕೆಳಗೆ ಮಾಡಿ, ಚಮಚದಿಂದ ಒತ್ತಬೇಡಿ. ಈಗ ಟೊಮೆಟೊ, ನೀರು ಬಸಿದ ಈರುಳ್ಳಿ ಸೇರಿಸಿ. ವಿನೆಗರ್ ಎರಡು ಚಮಚ ಹಾಕಿ ರುಚಿ ನೋಡಿ, ಬೇಕಿದ್ದರೆ ಮೂರನೆಯದು. ಉಪ್ಪಿನ ಲೆಕ್ಕ ನೀವು ತಂದ ಬ್ರೆಡ್ಡಿನ ಮೇಲೆ ನಿಂತಿದೆ. ನಮ್ಮಲ್ಲಿ ಸಿಗುವ 400 ಗ್ರಾಂ ಬ್ರೆಡ್ಡಿನಲ್ಲಿ ಸುಮಾರು ಒಂದು ಚಿಕ್ಕ ಚಮಚ ಉಪ್ಪು ಆಗಲೇ ಇರುತ್ತದೆ. ಹಾಗಾಗಿ ಟೊಮೆಟೊಗೆ ಹಾಕಿದ್ದರ ಮೇಲೆ ಒಂದು ಚಿಟಿಕೆ ಹಾಕಿ ನೋಡಿ ಮುಂದುವರಿಯಿರಿ. ಉಪ್ಪಿಲ್ಲದೆ ಮನೆಯಲ್ಲೇ ಮಾಡಿದ ಬ್ರೆಡ್ಡಾದರೆ ಇನ್ನೊಂದು ಚಿಕ್ಕ ಚಮಚ ಹಿಡಿಯುತ್ತದೆ.

*ಆರು: ಬಿಡುವುದು.* ಮುಚ್ಚಿ ಫ್ರಿಜ್ಜಿನಲ್ಲಿ ಒಂದರಿಂದ ಎರಡು ಗಂಟೆ. ಕಲಸಿದ ಕೂಡಲೇ ತಿಂದರೆ ಬ್ರೆಡ್ಡು ಬೇರೆ, ಹುಳಿ ಬೇರೆ, ಎಣ್ಣೆ ಬೇರೆ ಅನ್ನಿಸುತ್ತದೆ. ಗಂಟೆ ಕಳೆದ ಮೇಲೆ ಎಲ್ಲ ಒಂದಾಗಿರುತ್ತದೆ.

*ಏಳು: ಸೌತೆಕಾಯಿ, ಬೇಸಿಲ್, ಉಳಿದ ಎಣ್ಣೆ.* ಸೌತೆಕಾಯಿಗೆ ಉಪ್ಪು ತಗುಲಿದರೆ ನೀರು ಬಿಡುತ್ತದೆ ಅನ್ನುವುದು ಕೋಸಂಬರಿ ಮಾಡಿದ ಎಲ್ಲರಿಗೂ ಗೊತ್ತು. ಅದಕ್ಕೇ ಬಡಿಸುವ ಹೊತ್ತಿಗೆ ಹೆಚ್ಚಿ ಸೇರಿಸಿ. ಬೇಸಿಲ್ ಎಲೆಯನ್ನು ಕೈಯಲ್ಲೇ ಹರಿದು ಹಾಕಿ, ಮೊದಲೇ ಹಾಕಿದರೆ ಹುಳಿಗೆ ಕಪ್ಪಾಗುತ್ತದೆ. ಮೇಲೆ ಉಳಿದ ಎಣ್ಣೆ, ಕಾಳುಮೆಣಸು. ಫ್ರಿಜ್ಜಿನಿಂದ ತೆಗೆದು ಕಾಲು ಗಂಟೆ ಬಿಟ್ಟು ಬಡಿಸಿ. ಕೊರೆಯುವ ತಂಪಿನಲ್ಲಿ ಆಲಿವ್ ಎಣ್ಣೆಯ ಪರಿಮಳವೂ ಟೊಮೆಟೊದ ಸಿಹಿಯೂ ಏಳುವುದಿಲ್ಲ.

ಅಂದಹಾಗೆ ಸೌತೆಕಾಯಿ ಹಾಕಬೇಕೇ ಬೇಡವೇ ಎಂದು ಟಸ್ಕನಿಯಲ್ಲೇ ಜಗಳವಿದೆ. ಬ್ರೆಡ್ಡು, ಟೊಮೆಟೊ, ಈರುಳ್ಳಿ, ಬೇಸಿಲ್ ಇಷ್ಟೇ ಎಂದು ಪಟ್ಟು ಹಿಡಿಯುವ ಮನೆಗಳಿವೆ. ನಾನು ಸೌತೆಕಾಯಿ ಪಕ್ಷ. ಮೆತ್ತನೆ ಬ್ರೆಡ್ಡಿನ ನಡುವೆ ಹಲ್ಲಿಗೆ ಸಿಗುವ ಆ ಗರಿಗರಿ ಇಲ್ಲದಿದ್ದರೆ ನಾಲ್ಕು ತುತ್ತಿಗೆ ಸಾಕೆನ್ನಿಸುತ್ತದೆ. ಮೀನು, ಮೊಟ್ಟೆ, ಆಲಿವ್ ಕಾಯಿ, ಚೀಸು ಸೇರಿಸುವವರಿದ್ದಾರೆ. ಒಮ್ಮೆ ಏನೂ ಸೇರಿಸದೆ ಮಾಡಿ ತಿಂದು ಆಮೇಲೆ ನಿಮ್ಮಿಷ್ಟ.

ನೆಂಟರಿಷ್ಟರು

ಇದೇ ಹೆಸರು ರೋಮಿನ ಸುತ್ತಮುತ್ತ ಬೇರೆ ತಿಂಡಿಗಿದೆ. ಅಲ್ಲಿ ಬ್ರೆಡ್ಡನ್ನು ಉದುರಿಸುವುದಿಲ್ಲ, ಪೂರ್ತಿ ಹೋಳನ್ನೇ ಒದ್ದೆ ಮಾಡಿ ಮೇಲೆ ಟೊಮೆಟೊ, ಎಣ್ಣೆ, ಬೇಸಿಲ್ ಇಡುತ್ತಾರೆ. ದಕ್ಷಿಣದ ಪುಲಿಯಾದಲ್ಲಿ ‘ಚಾಲ್ಲೆದ್ದ’ ಅಂತ ಮಾಡುತ್ತಾರೆ. ನೇಪಲ್ಸ್ ಕಡೆ ಎರಡು ಸಲ ಸುಟ್ಟು ಒಣಗಿಸಿದ ಬಳೆಯಾಕಾರದ ‘ಫ್ರೆಸೆಲ್ಲೆ’ಯನ್ನು ನೀರಲ್ಲಿ ಅದ್ದಿ ಇದೇ ತರಕಾರಿ ಹೇರುತ್ತಾರೆ. ಸಮುದ್ರದಾಚೆ ಲೆಬನಾನಿನ ಫತ್ತೂಷ್‌ನಲ್ಲಿ ಹಳೇ ರೊಟ್ಟಿಯನ್ನು ಹುರಿದು ಗರಿಗರಿಯಾಗಿಯೇ ಉಳಿಸಿಕೊಳ್ಳುತ್ತಾರೆ. ಹುರಿದ ಬ್ರೆಡ್ಡಿನ ಸಲಾಡ್ ಇಷ್ಟಪಡುವವರು ಅದನ್ನೇ ಅದರ ಹೆಸರಲ್ಲೇ ಮಾಡಿ ನೋಡಬಹುದು.

ಉಳಿದರೆ

ಸೌತೆಕಾಯಿ ಸೇರಿಸುವ ಮೊದಲೇ ನಾಳೆಗೆ ಬೇಕಾದಷ್ಟನ್ನು ತೆಗೆದು ಮುಚ್ಚಿಡಿ. ಮರುದಿನಕ್ಕೆ ಬ್ರೆಡ್ಡು ಇನ್ನೂ ರಸ ಎಳೆದುಕೊಂಡು ಒಣಗಿದ ಹಾಗೆ ಕಾಣುತ್ತದೆ. ಒಂದು ಹಸಿ ಟೊಮೆಟೊವನ್ನು ತುರಿಯುವ ಮಣೆಗೆ ಉಜ್ಜಿ ಆ ತಿರುಳು, ಒಂದು ಚಮಚ ಎಣ್ಣೆ, ನಾಲ್ಕು ಹನಿ ವಿನೆಗರ್ ಹಾಕಿ ಕೈಯಾಡಿಸಿದರೆ ಮತ್ತೆ ಹದಕ್ಕೆ ಬರುತ್ತದೆ. ಕೆಳಮನೆಯವರು ಮಧ್ಯಾಹ್ನ ಮಾಡಿದ್ದನ್ನು ರಾತ್ರಿ ಊಟಕ್ಕೇ ಮುಗಿಸುತ್ತಿದ್ದರು, ಬೋಗುಣಿಯ ತಳದಲ್ಲಿ ನಿಂತ ಕೆಂಪು ಎಣ್ಣೆಯನ್ನು ಇನ್ನೊಂದು ತುಂಡು ಹಳೇ ಬ್ರೆಡ್ಡಿನಿಂದ ಒರೆಸಿ ತಿನ್ನುತ್ತಿದ್ದರು. ಮೂರನೇ ದಿನಕ್ಕೆ ಇಡಬೇಡಿ.